ಮಕ್ಕಳ ಕಾವಲು ಮತ್ತು ಮಕ್ಕಳ ಸ್ವಾತಂತ್ರ್ಯ



ಮಕ್ಕಳನ್ನು ಎಷ್ಟರಮಟ್ಟಿಗೆ ಕಾಯಬೇಕು, ಎಷ್ಟರಮಟ್ಟಿಗೆ ಬಿಡಬೇಕು ಎಂಬುದು ಈ ಸಂಜೆ ನಾವು ವಿಚಾರಮಾಡತಕ್ಕ ವಿಷಯ. ಇದರಲ್ಲಿ ಹಿರಿಯರ ಮಾತುಗಳಿಗೆ ಕೊರತೆಯಿಲ್ಲ. ಐದು ವರ್ಷ ಲಾಲಿಸಬೇಕು, ಆಮೇಲೆ ಹತ್ತು ವರ್ಷ ದಂಡಿಸಬೇಕು, ಹದಿನಾರಕ್ಕೆ ಬಂದವನನ್ನು ಮಿತ್ರನಂತೆ ಕಾಣಬೇಕು ಎಂಬುದು ಹಳೆಯ ಸುಭಾಷಿತವೊಂದರ ಅಭಿಪ್ರಾಯ. ಅದನ್ನು ಅಲ್ಲಗಳೆಯುವ ಸಾಹಸ ನಮಗಿಲ್ಲ. ಆದರೆ ಹದಿನೈದು ತುಂಬುವ ರಾತ್ರಿಯವರೆಗೂ ಪೆಟ್ಟು ತಿಂದ ಹುಡುಗನು ಮರುದಿನ ಬೆಳಗ್ಗೆ ಮಿತ್ರನಾಗಿ ಏಳುವುದು ಹೇಗೆಂಬುದನ್ನು ಸುಭಾಷಿತಕಾರನು ತಿಳಿಸಿಲ್ಲ.

ನಮ್ಮ ಊರು ರಾಬರ್ಟ್‌ಸನ್‌ಪೇಟೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರನ್ನು ಹೊತ್ತು, ಕೋಲಾರದ ಚಿನ್ನದ ಗಣಿಗಳ ಮಗ್ಗುಲಲ್ಲಿ ಬೆಳೆದ ಪೇಟೆ ಅದು. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಮೊಟ್ಟಮೊದಲು ಹರಿದುಬಂದುದು ಈ ಗಣಿಗಳಿಗೇ. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಣ ಭಾರವನ್ನು ತಾಳಲಾರದೆ ಬಂಡೆಯು ಒಮ್ಮೊಮ್ಮೆ ತಾನಾಗಿಯೇ ಸಿಡಿಯುತ್ತಿತ್ತು. ಆಗ ನೆಲದ ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದವು. ಪಾಳಿಗೆ ಹೋದವನು ಹಿಂದಿರುಗುವ ತನಕ ಮನೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ಇಂತಹ ಊರಿನಲ್ಲಿ, ಅಪಾಯವೆಂಬುದರ ಹೆಸರೇ ತಿಳಿಯದಂತೆ ಮಕ್ಕಳನ್ನು ಬೆಳೆಸುವುದು ಯಾವ ತಂದೆತಾಯಿಗಳಿಗೂ ಸಾಧ್ಯವಿರಲಿಲ್ಲ.

ಚಿನ್ನವನ್ನು ತೆಗೆದ ಮೇಲೆ ಉಳಿದ ಅದಿರಿನ ಹುಡಿಯನ್ನು ದಶಕಗಟ್ಟಲೆ ಸುರಿದುದರಿಂದ ಊರ ಸುತ್ತ ಬೂದುಬಣ್ಣದ ಗುಡ್ಡಗಳು ಎದ್ದುನಿಂತಿವೆ. ಅದಿರಿನಿಂದ ಚಿನ್ನವನ್ನು ಬೇರ್ಪಡಿಸಲು ಸಯನೈಡನ್ನು ಬಳಸುತ್ತಿದ್ದ ಕಾರಣ ಜನರು ಅವನ್ನು ಸಯನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅವುಗಳ ಧೂಳು ಅನ್ನದ ತಟ್ಟೆಯವರೆಗೂ ಬರುತ್ತದೆ. ಹುಡುಗರ ಕಣ್ಣಿಗಾದರೋ ಅವು ಜಾರುವುದಕ್ಕೆಂದೇ ದೇವರು ಮಾಡಿಟ್ಟ ಬೆಟ್ಟಗಳು. ನಾವು ಬಾಲಕರಾಗಿದ್ದಾಗ ಒಂದು ಭಾನುವಾರ ಹಳೆಯ ತಗಡಿನ ಮೇಲೆ ಕುಳಿತು ಜಾರಿ, ಹುಬ್ಬಿನವರೆಗೂ ಹುಡಿ ಮೆತ್ತಿಕೊಂಡು ಮನೆಗೆ ಬಂದೆವು. ತಾಯಿ ಕೂಗಾಡಿದರು. ತಂದೆ ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ರಾತ್ರಿಯ ಪಾಳಿಯನ್ನು ಮುಗಿಸಿ ಬಂದವರು ಮಲಗದೆ, ನಮ್ಮನ್ನು ಗುಡ್ಡದ ಬಳಿಗೆ ಕರೆದೊಯ್ದರು. ಮಳೆಯ ನೀರು ಕೊರೆದ ಒಂದು ಕೊರಕಲಿನ ಅಂಚನ್ನು ಉದ್ದನೆಯ ಕೋಲಿನಿಂದ ಒತ್ತಿದರು. ಗೋಡೆಯಂತೆ ಗಟ್ಟಿಯಾಗಿ ಕಾಣುತ್ತಿದ್ದ ದಡವು ಆಳೆತ್ತರಕ್ಕೆ, ಸದ್ದೇ ಇಲ್ಲದೆ, ಕುಸಿದುಬಿತ್ತು. “ಇದರ ಕೆಳಗೆ ಸಿಕ್ಕಿದವನು ಕೂಗಿದರೆ ಯಾರಿಗೂ ಕೇಳಿಸದು” ಎಂದರು.

ಆ ದಿನದಿಂದ ನಮಗೆ ಎರಡು ನಿಷೇಧಗಳು ಬಿದ್ದವು: ಗುಡ್ಡಗಳು, ಮತ್ತು ಪಾಳುಬಿದ್ದ ಗಣಿಬಾವಿಗಳ ಬಾಯಿ. ಅವನ್ನು ಬಿಟ್ಟರೆ ಸೈಕಲಿನ ಮೇಲೆ ಬೇತಮಂಗಲದ ಕೆರೆಯವರೆಗೂ ಹೋಗಿಬರಲು ಅಡ್ಡಿಯಿರಲಿಲ್ಲ. ಯಾರೊಡನೆ ಹೋಗುತ್ತೇವೆಂಬುದನ್ನು ಹೇಳಿ ಹೋಗಬೇಕಾಗಿತ್ತು, ಅಷ್ಟೆ. (ನಮ್ಮ ಕೇರಿಯಲ್ಲಿ ಹುಡುಗರು ತಮಿಳಿನಲ್ಲಿ ಜಗಳವಾಡಿ ತೆಲುಗಿನಲ್ಲಿ ರಾಜಿಯಾಗಿ ಕನ್ನಡದಲ್ಲಿ ಪಾಠ ಒಪ್ಪಿಸುತ್ತಿದ್ದುದರಿಂದ, ಹೋಗುವ ಜೊತೆಗಾರರಿಗೆ ಬರವಿರಲಿಲ್ಲ.) ನಿಷೇಧಗಳು ಎರಡೇ ಆಗಿದ್ದುದರಿಂದಲೂ, ಅವುಗಳ ಕಾರಣವನ್ನು ಕಣ್ಣಾರೆ ಕಂಡಿದ್ದುದರಿಂದಲೂ ನಾವು ಅವನ್ನು ಮೀರಲಿಲ್ಲ. ಇಪ್ಪತ್ತು ನಿಷೇಧಗಳಿದ್ದಿದ್ದರೆ ಯಾವುದು ಪ್ರಾಣಕ್ಕೆ ಸಂಬಂಧಪಟ್ಟುದು, ಯಾವುದು ದೊಡ್ಡವರ ಬೇಸರಕ್ಕೆ ಸಂಬಂಧಪಟ್ಟುದು ಎಂದು ಬೇರ್ಪಡಿಸಿ ನೋಡುವ ತಾಳ್ಮೆ ನಮಗೆ ಇರುತ್ತಿತ್ತೆ?

ನಮ್ಮ ತಂದೆ ಶಿಕ್ಷಣಶಾಸ್ತ್ರವನ್ನು ಓದಿದವರಲ್ಲ. ಅವರಿಗೆ ಈ ರೀತಿಯನ್ನು ಕಲಿಸಿದುದು ಗಣಿ. ಅಲ್ಲಿ ಕೆಲಸಕ್ಕೆ ತೊಡಗುವ ಮುನ್ನ ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ಬಡಿದು ಕೇಳುತ್ತಾರೆ. ಗಣಿಲೆಂದರೆ ಬಂಡೆ ಗಟ್ಟಿ. ಒಡೆದ ಮಡಕೆಯಂತೆ ಬೊದಬೊದ ಎಂದರೆ ಸಡಿಲಗೊಂಡಿದೆಯೆಂದು ಅರ್ಥ. ಈ ಎರಡು ಸದ್ದುಗಳ ಭೇದವನ್ನು ಯಾರೂ ಬಾಯಿಮಾತಿನಲ್ಲಿ ಕಲಿಸಲಾರರು. ಹೊಸಬನು ಹಳಬನ ಪಕ್ಕದಲ್ಲಿ ನಿಂತು ಕೇಳಬೇಕು. ಆಮೇಲೆ ಹಾರೆಯನ್ನು ತಾನೇ ಹಿಡಿಯಬೇಕು. 1952ರ ಗಣಿ ಶಾಸನವು ತನ್ನ ಕೊನೆಯ ರೂಪದಲ್ಲಿ ಹದಿನೆಂಟು ತುಂಬದವರನ್ನು ಗಣಿಯ ಕೆಲಸಕ್ಕೆ ಸೇರಿಸಕೂಡದೆನ್ನುತ್ತಿತ್ತು. ಆದರೂ ಹದಿನಾರು ತುಂಬಿದವರು ತಕ್ಕ ಮೇಲ್ವಿಚಾರಣೆಯಲ್ಲಿ ಶಿಕ್ಷಾರ್ಥಿಗಳಾಗಿರಲು ಅವಕಾಶವನ್ನು ಇಟ್ಟಿತ್ತು. ತಡೆಯುವುದಕ್ಕೂ ಬಿಡುವುದಕ್ಕೂ ನಡುವೆ, ಜೊತೆಯಲ್ಲಿ ನಿಲ್ಲತಕ್ಕ ಎರಡು ವರ್ಷಗಳುಂಟೆಂಬುದನ್ನು ಕಾನೂನು ಬಲ್ಲುದು. ತಂದೆತಾಯಿಗಳೇ ಅದನ್ನು ಮರೆಯುವುದು ಹೆಚ್ಚು. 1939ರಲ್ಲಿ ಅಡಯಾರಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣವಿತ್ತ ಮಾರಿಯಾ ಮಾಂಟೆಸ್ಸೊರಿಯವರ ಪದ್ಧತಿಯಲ್ಲಿಯೂ ಎಳೆಯ ಮಕ್ಕಳ ಕೈಗೆ ಒಡೆಯತಕ್ಕ ಗಾಜಿನ ಲೋಟವನ್ನೇ ಕೊಡುತ್ತಾರೆ. ಒಡೆಯದ ಲೋಟದಿಂದ ಕೈಯ ಎಚ್ಚರ ಬರುವುದಿಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೆಲದೊಳಕ್ಕೆ ಇಳಿಯುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ಕತ್ತಲಲ್ಲಿಯೇ ಎದ್ದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲನ್ನು ಹಿಡಿಯತೊಡಗಿದರು. ಬಂಡೆಯ ಭಯ ಹೋಗಿ ಪಟ್ಟಣದ ಭಯ ಬಂತು. ಇಲ್ಲಿ ನಮ್ಮ ತಪ್ಪನ್ನು ಹೇಳದಿದ್ದರೆ ಈ ಭಾಷಣವು ಅರ್ಧವಾದೀತು. ತಂದೆಯಿಂದ ಅಷ್ಟು ಕಲಿತ ನಾವು ನಮ್ಮ ಮಗಳ ವಿಷಯದಲ್ಲಿ ಇಪ್ಪತ್ತು ನಿಷೇಧಗಳ ಪಟ್ಟಿಯನ್ನೇ ಹಾಕಿದೆವು. ಕಾಲೇಜು, ರೈಲು, ಮನೆ. ನಡುವೆ ಮತ್ತೇನೂ ಕೂಡದು. ರೈಲು ತಪ್ಪಿದರೆ ಓದೇ ನಿಲ್ಲುತ್ತದೆಂದು ಕೋಪದಲ್ಲಿ ಹೇಳಿದುದೂ ಉಂಟು. ಅವಳು ಎಲ್ಲಿದ್ದಾಳೆಂಬುದನ್ನು ಕೈಯಲ್ಲಿದ್ದ ಮೊಬೈಲ್ ತೋರಿಸುತ್ತಿದ್ದುದರಿಂದ, ಅವಳನ್ನು ಬಲ್ಲೆವೆಂದೇ ಭಾವಿಸಿದ್ದೆವು.

ಒಂದು ಸಂಜೆ ಬಂಗಾರಪೇಟೆಯಲ್ಲಿ ಅವಳಿಗೆ ಮುಂದಿನ ರೈಲು ತಪ್ಪಿತು. ಯಾರೋ ಒಬ್ಬನು ಅವಳ ಹಿಂದೆ ಬಿದ್ದು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದನಂತೆ. ಅವಳು ಮನೆಗೆ ಬಂದು ಗೆಳತಿಯ ಪುಸ್ತಕದಿಂದ ತಡವಾಯಿತೆಂದಳು. ನಿಜ ಸಂಗತಿಯು ನಮಗೆ ತಿಳಿದುದು ನಾಲ್ಕು ತಿಂಗಳಾದ ಮೇಲೆ, ನೆರೆಮನೆಯವರ ಬಾಯಿಂದ. ಅಷ್ಟು ಕಾಲವೂ ಆ ಹುಡುಗಿಯು ಅದೇ ಪ್ಲಾಟ್‌ಫಾರ್ಮಿನಲ್ಲಿ ದಿನವೂ ಒಬ್ಬಳೇ ನಿಂತಿದ್ದಳು. ಏಕೆ ಹೇಳಲಿಲ್ಲವೆಂದು ಕೇಳಿದೆವು. “ಹೇಳಿದ್ದರೆ ನೀವು ಅವನನ್ನು ತಡೆಯುತ್ತಿರಲಿಲ್ಲ, ನನ್ನನ್ನು ತಡೆಯುತ್ತಿದ್ದಿರಿ” ಎಂದಳು. ನಮ್ಮಿಬ್ಬರಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಮರುವಾರ ಅವಳೊಡನೆ ಬಂಗಾರಪೇಟೆಗೆ ಹೋದೆವು, ಕಾಯುವುದಕ್ಕಲ್ಲ, ಕೇಳುವುದಕ್ಕೆ. ಆ ಸಂಜೆ ಏನು ಮಾಡಿದೆಯೆಂದಾಗ ಅವಳು ಜಾಗವನ್ನು ತೋರಿಸಿದಳು. ಬುಟ್ಟಿಗಳೊಡನೆ ಊರಿಗೆ ಹಿಂದಿರುಗುವ ತರಕಾರಿಯ ಹೆಂಗಸರ ನಡುವೆ ಹೋಗಿ ಕುಳಿತಿದ್ದಳಂತೆ. ಅವರಲ್ಲೊಬ್ಬ ಮುದುಕಿ ಜೋರಾಗಿ ಬೈದಮೇಲೆ ಆತನು ಕಾಣೆಯಾದನಂತೆ. ನಾವು ಕಲಿಸದಿದ್ದರೂ ಅವಳು ಯಾವ ಬಂಡೆ ಗಟ್ಟಿ ಎಂಬುದನ್ನು ಬಡಿದು ನೋಡಿದ್ದಳು. ಪಟ್ಟಿಯನ್ನು ಅಲ್ಲಿಯೇ ಕುಳಿತು ತಿದ್ದಿದೆವು. ಉಳಿದವು ಮೂರು, ಅವುಗಳಲ್ಲೊಂದು ಅವಳೇ ಸೇರಿಸಿದುದು.

ಈಗ ರೈಲು ತಪ್ಪಿದ ದಿನ ಅವಳು ತಾನಾಗಿಯೇ ತಿಳಿಸುತ್ತಾಳೆ. ಬರಬೇಕೇ ಎಂದು ಕೇಳುತ್ತೇವೆ. ಬೇಡವೆನ್ನುವುದೇ ಹೆಚ್ಚು. ಒಮ್ಮೆ, ಕಳೆದ ಮಳೆಗಾಲದಲ್ಲಿ, ಬನ್ನಿ ಎಂದಳು, ಹೋದೆವು.