ಮಗಳಿಗೆ ದಕ್ಕದ ಮನೆ

ಮನೆ ಯಾರದು? ಅಲ್ಲಿ ಹುಟ್ಟಿದವರದೇ, ಕಾನೂನು ಹೇಳಿದವರದೇ? ಇಂಗ್ಲೆಂಡಿನ ಕೆಂಟ್ ಕೌಂಟಿಯ ನೋಲ್ ಎಂಬ ಮಹಾಸೌಧದ ಕಥೆ ಕೇಳಿ. 1456ರಲ್ಲಿ ಅದನ್ನು ಕೊಂಡವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್. ಮುಂದೆ ದೊರೆ ಎಂಟನೆಯ ಹೆನ್ರಿ ಅದನ್ನು ತನ್ನದಾಗಿಸಿಕೊಂಡ. 17ನೆಯ ಶತಮಾನದ ಆರಂಭದಿಂದ ಸ್ಯಾಕ್‌ವಿಲ್ ಮನೆತನ ಅಲ್ಲಿ ಬಾಳಿತು.

1892ರಲ್ಲಿ ಅಲ್ಲೇ ಹುಟ್ಟಿದ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ತಂದೆಗೆ ಒಬ್ಬಳೇ ಮಗಳು. ಆದರೆ ಬಿರುದು, ಮನೆ ಎರಡೂ ಗಂಡು ವಾರಸುದಾರನಿಗೇ ಎಂಬುದು ನಿಯಮ. 1928ರಲ್ಲಿ ತಂದೆ ತೀರಿಕೊಂಡಾಗ ನೋಲ್ ಚಿಕ್ಕಪ್ಪನ ಪಾಲಾಯಿತು.

ಅದೇ ವರ್ಷ ಗೆಳತಿ ವರ್ಜೀನಿಯಾ ವುಲ್ಫ್ ‘ಒರ್ಲ್ಯಾಂಡೊ’ ಕಾದಂಬರಿ ಪ್ರಕಟಿಸಿ ವೀಟಾಗೆ ಅರ್ಪಿಸಿದರು. ಅದರ ನಾಯಕ ಹೆಣ್ಣಾಗಿ ಬದಲಾದರೂ ಮನೆ ಕೈತಪ್ಪುವುದಿಲ್ಲ.

ಇಂದು ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಲನ್ನು ಕಾಪಾಡುತ್ತಿದೆ. ಕಾದಂಬರಿಯ ಹಸ್ತಪ್ರತಿ ಅಲ್ಲಿಯೇ ಇದೆ. ಮಗಳಿಗೆ ದಕ್ಕದ ಮನೆಯಲ್ಲಿ ಅವಳ ಕಥೆ ನೆಲೆ ಕಂಡಿದೆ.