ಮಳೆಗಾಗಿ ಕಾಯುವ ಮೀನು

ಕಿಲ್ಲಿ ಮೀನು ಎಂಬ ಹೆಸರು ಕಿವಿಗೆ ಬಿದ್ದೊಡನೆ, ನಾಲ್ಕಕ್ಷರ ಇಂಗ್ಲಿಷು ಕಲಿತ ಹುಡುಗರು ಇದಾವುದೋ ಕೊಲ್ಲುವ ಮೀನಿರಬೇಕೆಂದು ಊಹಿಸುತ್ತಾರೆ. ಹಾಗಲ್ಲ. ಡಚ್ ಭಾಷೆಯಲ್ಲಿ ‘ಕಿಲ್’ ಎಂದರೆ ತೊರೆ. ಆ ಮಾತಿನಿಂದಲೇ ಈ ಹೆಸರು ಬಂದಿರಬೇಕೆಂದು ಬಲ್ಲವರ ಮತ. ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವವನು ನಾನು. ಮೀನಿನ ಕಥೆಯನ್ನೂ ಶಬ್ದದಿಂದಲೇ ತೊಡಗಿದರೆ ವಾಚಕರು ಮನ್ನಿಸಬೇಕು.

ಈ ಬಳಗ ದೊಡ್ಡದು, ಬಣ್ಣವೋ ಹೇಳತೀರದು. ಆಫ್ರಿಕದ ನೊಥೊಬ್ರಾಂಕಿಯಸ್ ಎಂಬ ಕುಲದ ಗಂಡನ್ನು ನೋಡಿ: ನೀಲಿ ಪಚ್ಚೆಯ ಮೈ, ಒಂದೊಂದು ಹುರುಪೆಗೂ ಕೆಂಪಿನ ಅಂಚು. ಹೆಣ್ಣಿಗೆ ಮಾತ್ರ ಮಾಸಿದ ಬೂದುಬಣ್ಣ. ಜಿಂಬಾಬ್ವೆ, ಮೊಜಾಂಬಿಕ್ ನಾಡುಗಳಲ್ಲಿ ಮಳೆಗೆ ತುಂಬಿ ಬೇಸಗೆಗೆ ಬತ್ತುವ ಹೊಂಡಗಳೇ ಇವುಗಳ ತವರು. ನೀರು ಇಂಗಿದಾಗ ತಾಯಿತಂದೆಗಳೆಲ್ಲ ಸಾಯುತ್ತವೆ. ಕೆಸರಿನೊಳಗಿನ ಮೊಟ್ಟೆಗಳು ಮಾತ್ರ ಬದುಕಿರುತ್ತವೆ. ಮತ್ತೆ ಮಳೆ ಬಂದಾಗ ಮರಿಗಳು ಹೊರಬಂದು, ಕೆಲವೇ ವಾರಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಮೊದಲ ಮಳೆಗೆ ಎಲ್ಲ ಮೊಟ್ಟೆಗಳೂ ಒಡೆಯವು ಎಂಬುದೇ ಸೋಜಿಗ. ಬಿತ್ತನೆಯ ಬೀಜವನ್ನೆಲ್ಲ ಒಂದೇ ಹದಕ್ಕೆ ಚೆಲ್ಲದೆ ಮೂಲೆಯ ಮಡಕೆಯಲ್ಲಿಷ್ಟು ಉಳಿಸುವ ಒಕ್ಕಲಿಗನ ಹಾಗೆ, ಪ್ರಕೃತಿ ಕೆಲವನ್ನು ಮುಂದಿನ ಮಳೆಗೆಂದು ಮಲಗಿಸಿಟ್ಟಿರುತ್ತದೆ.

1971ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ನೊಥೊಬ್ರಾಂಕಿಯಸ್ ಫರ್ಜೆರಿಯ ಆಯುಸ್ಸು ನಾಲ್ಕಾರು ತಿಂಗಳು. ಇಷ್ಟರಲ್ಲೇ ಅದಕ್ಕೆ ಮುಪ್ಪೂ ಬರುತ್ತದೆ, ಬಣ್ಣವೂ ಮಾಸುತ್ತದೆ. ಮುಪ್ಪಿನ ಮರ್ಮವನ್ನರಿಯಲು ಪ್ರಯೋಗಶಾಲೆಗಳಲ್ಲಿ ಇದನ್ನು ಸಾಕುವುದು ಅದಕ್ಕಾಗಿಯೇ. ಮನೆಯ ಮಗುವಿಗೆ ಇದನ್ನು ತಂದುಕೊಡುವವರು, ಮುಂದಿನ ಯುಗಾದಿಗೆ ಮೀನು ಇರಲಾರದೆಂಬುದನ್ನು ತಂದ ದಿನವೇ ಹೇಳಿಬಿಡುವುದು ಒಳ್ಳೆಯದು. ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ತೊಟ್ಟಿಯ ತಳದಲ್ಲಿ ಹರಡಿದರೆ ಅದರಲ್ಲಿ ಮೊಟ್ಟೆಯಿಡುತ್ತದೆ. ಆ ಪುಡಿಯನ್ನು ಆರಿಸಿ, ಪೂರ್ತಿ ಒಣಗಲು ಬಿಡದೆ ಚೀಲದಲ್ಲಿ ಕಟ್ಟಿ, ಕೆಲವು ತಿಂಗಳು ಬಿಟ್ಟು ತಣ್ಣೀರಿಗೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ಮರಿ ಕಾಣಿಸುತ್ತದೆ. ತೊಟ್ಟಿಲೂ ತವರೂ ಒಂದು ಚೀಲದಲ್ಲಿ!

ಆದರೆ ಹೊಸಬರಿಗೆ ನಾನು ಹೇಳುವುದು ನಮ್ಮದೇ ಕಿಲ್ಲಿ ಮೀನನ್ನು. ಪಶ್ಚಿಮ ಘಟ್ಟದ ತೊರೆಗಳಲ್ಲಿ, ಕರಾವಳಿಯ ಗದ್ದೆಯ ನೀರಿನಲ್ಲಿ ಅಪ್ಲೋಕೈಲಸ್ ಲೀನಿಯೇಟಸ್ ಎಂಬುದುಂಟು. ಗೇಣಿನ ಅರ್ಧದಷ್ಟು ಉದ್ದ, ಮೈತುಂಬ ಹೊನ್ನಿನ ಚುಕ್ಕೆಗಳ ಸಾಲು. ಸದಾ ನೀರಿನ ಮೇಲ್ಮೈಗೆ ಅಂಟಿಕೊಂಡಿರುವ ಇದನ್ನು ನೆರೆಯ ಮಲಯಾಳಿಗಳು ‘ಮಾನತ್ತುಕಣ್ಣಿ’ ಎನ್ನುತ್ತಾರೆ, ಬಾನಲ್ಲಿ ಕಣ್ಣುಳ್ಳವಳು. ನಮ್ಮ ‘ಬಾನು’ ಅವರ ‘ಮಾನ’ವೇ! ಇಷ್ಟು ಚೆಲುವಾದ ಹೆಸರು ಹೊತ್ತ ಮೀನಿನ ಹೊಂಬಣ್ಣದ ತಳಿಯನ್ನೇ ಅಂಗಡಿಯಲ್ಲಿ ‘ಗೋಲ್ಡನ್ ವಂಡರ್’ ಎಂದು ಮಾರುತ್ತಾರೆ. ಕೊಳ್ಳುವವರು ಪರದೇಶದ್ದೆಂದು ಹೆಮ್ಮೆಪಡುತ್ತಾರೆ.

ಸೊಳ್ಳೆಮರಿ ಇದಕ್ಕೆ ಮೃಷ್ಟಾನ್ನ. ಸೊಳ್ಳೆಯನ್ನಳಿಸಲೆಂದು 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯ ಮೀನನ್ನು ಭಾರತಕ್ಕೆ ತಂದರು. ಅದು ಸೊಳ್ಳೆಮರಿಯ ಜೊತೆಗೆ ನಮ್ಮ ಮೀನುಗಳ ಮೊಟ್ಟೆಮರಿಗಳನ್ನೂ ಕಬಳಿಸತೊಡಗಿತು. ಮನೆಯಲ್ಲೇ ಮದ್ದಿರುವಾಗ ಈ ಆಮದು ಏತಕ್ಕೆ ಬೇಕಿತ್ತೋ! ಆದಕಾರಣ ವಾಚಕರಲ್ಲಿ ಒಂದು ಬೇಡಿಕೆ: ಬೇಸರ ಬಂದರೂ, ಊರು ಬಿಟ್ಟು ಹೋಗಬೇಕಾಗಿ ಬಂದರೂ, ತೊಟ್ಟಿಯ ಮೀನನ್ನು ಕೆರೆಗೋ ಹಳ್ಳಕ್ಕೋ ಸುರಿಯಬೇಡಿ, ಇನ್ನೊಬ್ಬ ಆಸಕ್ತರಿಗೆ ಕೊಡಿ.

ಒಂದು ಗಂಡಿಗೂ ಎರಡು ಹೆಣ್ಣಿಗೂ ನಲವತ್ತು ಲೀಟರಿನ ತೊಟ್ಟಿ ಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಿ. ತೇಲುವ ಒಂದಿಷ್ಟು ಗಿಡವಿರಲಿ, ಮೇಲೆ ಭದ್ರವಾದ ಮುಚ್ಚಳವಿರಲಿ. ಬಾನಿಗೆ ಕಣ್ಣಿಟ್ಟದ್ದು ಬಾನಿಗೇ ಹಾರೀತು. ಬಾಯಿಗೆ ಹಿಡಿಸುವ ಪುಟ್ಟ ಮೀನುಗಳನ್ನು ಜೊತೆಗೆ ಬಿಡಬಾರದು. ಉಣ್ಣೆಯ ದಾರದ ಕುಚ್ಚೊಂದನ್ನು ಇಳಿಬಿಟ್ಟರೆ ಅದರಲ್ಲೇ ಮೊಟ್ಟೆ ಅಂಟಿಸುತ್ತದೆ. ಆ ಕುಚ್ಚನ್ನು ಬೇರೆ ಪಾತ್ರೆಗೆ ಹಾಕಿಡಿ. ಸುಮಾರು ಎರಡು ವಾರಕ್ಕೆ, ದಾರದ ಸುತ್ತ ಕಣ್ಣುಗಳೇ ಮೈಯಾದ ಮರಿಗಳು ತೇಲುತ್ತಿರುತ್ತವೆ.