ಹೆಂಜೇರಪ್ಪ ಎಂಬ ಹೆಸರು



ಹೋದ ವರ್ಷ ನಮ್ಮ ಮಗಳಿಗೆ ಗಂಡು ಕೂಸು ಹುಟ್ಟಿತು. ಹಿಂದೂಪುರದಲ್ಲಿ ಹೆರಿಗೆ, ಮಡಕಶಿರಾ ಸೀಮೆಯ ನಮ್ಮ ಹಳ್ಳಿಯಲ್ಲಿ ಬಾಣಂತನ. ಕೂಸು ಮನೆಗೆ ಬಂದ ಮೂರನೇ ದಿನಕ್ಕೇ ಹೆಸರಿನ ತಕರಾರು ಶುರುವಾಯಿತು. ನನ್ನ ಮನೆಯಾಕೆ ಹೆಂಜೇರು ಸಿದ್ದಪ್ಪನಿಗೆ ಹರಕೆ ಹೊತ್ತಿದ್ದಳಂತೆ, ಹೆರಿಗೆ ಸಸೂತ್ರವಾದರೆ ಮಗುವಿಗೆ ಆ ಸ್ವಾಮಿಯ ಹೆಸರೇ ಇಡುತ್ತೇನೆಂದು. ಮಗಳು ಒಪ್ಪಿದಳು, ಅಳಿಯಂದಿರೂ ಒಪ್ಪಿದರು. ಬೇಡವೆಂದವನು ನಾನೊಬ್ಬನೇ. ಯಾಕೆಂದರೆ ನನ್ನ ಹೆಸರೇ ಹೆಂಜೇರಪ್ಪ. ಅರವತ್ತು ಚಿಲ್ಲರೆ ವರ್ಷ ಅದನ್ನು ಹೊತ್ತು ತಿರುಗಿದವನಿಗೆ ಅದರ ಭಾರ ಗೊತ್ತು.

ಭಾರವೆಂದರೆ ಏನು, ಹೇಳುತ್ತೇನೆ. ನಾನು ಓದಿದ್ದು ಕನ್ನಡ ಶಾಲೆ. ಮೇಷ್ಟ್ರು ಸರಿಯಾಗಿ ‘ಹೆಂಜೇರಪ್ಪ’ ಎಂದೇ ಬರೆದರು. ನಮ್ಮ ಹಳ್ಳಿಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ನಿಮಗೆ ಗೊತ್ತೇ ಇದೆ. ಹಾಗಾಗಿ ತೆಲುಗಿನ ಕಾಗದಗಳಲ್ಲಿ ನಾನು ‘ಎಂಜೇರಪ್ಪ’ನಾದೆ. ಅದನ್ನು ಇಂಗ್ಲಿಷಿಗೆ ಇಳಿಸುವಾಗ ಈ ಕಡೆಯವರು ‘ಎ’ ಹಿಂದೆ ಒಂದು ‘ವೈ’ ಅಕ್ಷರ ಸೇರಿಸುತ್ತಾರೆ. ಆಗ ‘ಯೆಂಜೇರಪ್ಪ’ ಆಯಿತು. ಒಬ್ಬನೇ ಮನುಷ್ಯ, ಮೂರು ಜನ. 1980ರಲ್ಲಿ ಬ್ಯಾಂಕಿಗೆ ಗುಮಾಸ್ತೆಯಾಗಿ ಸೇರಿದಾಗ ಮೊದಲನೆಯವನು, ರೇಷನ್ ಕಾರ್ಡಿನಲ್ಲಿ ಎರಡನೆಯವನು, ಮತದಾರರ ಪಟ್ಟಿಯಲ್ಲಿ ಮೂರನೆಯವನು. ನಿವೃತ್ತಿಯ ಹೊತ್ತಿಗೆ ಮೂವರನ್ನೂ ಒಬ್ಬನನ್ನಾಗಿ ಮಾಡಲು ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಬರೆಸಿ ನೋಟರಿಯ ಮುಂದೆ ನಿಂತೆ. ‘ಈ ಮೂರೂ ಹೆಸರಿನ ವ್ಯಕ್ತಿ ನಾನೇ’ ಎಂದು ಪ್ರಮಾಣ ಮಾಡಿ ಸಹಿ ಹಾಕುವಾಗ ನಗು ಬಂತು, ಸಿಟ್ಟೂ ಬಂತು.

ಇನ್ನು ಹೆಸರಿನ ಮೂಲ. ಅಮರಾಪುರಂ ಮಂಡಲದ ಹೇಮಾವತಿ ನಿಮ್ಮಲ್ಲಿ ಬಹಳ ಮಂದಿ ನೋಡಿದ ಊರು. ಅದೇ ಹಳೆಯ ಹೆಂಜೇರು, ನೊಳಂಬ ಅರಸರ ರಾಜಧಾನಿ. ಸಾವಿರ ವರ್ಷಕ್ಕೂ ಹಿಂದೆ ಈ ಸೀಮೆಯೆಲ್ಲ ನೊಳಂಬವಾಡಿ ಮೂವತ್ತೆರಡು ಸಾವಿರವೆಂದು ಶಾಸನಗಳಲ್ಲಿ ಕರೆಸಿಕೊಂಡಿತ್ತು. ಅಲ್ಲಿನ ನುಣುಪಾದ ಕರಿಕಲ್ಲಿನ ಕಂಬಗಳಲ್ಲಿ ಕೆಲವು ಮದರಾಸಿನ ಮ್ಯೂಸಿಯಂ ಸೇರಿವೆ. ಸಿದ್ಧೇಶ್ವರನ ಗುಡಿಯಲ್ಲಿ ಮಾತ್ರ ಲಿಂಗವಿಲ್ಲ, ಶಿವನೇ ಮನುಷ್ಯರೂಪದಲ್ಲಿ ಕುಳಿತಿದ್ದಾನೆ. ಹೀಗೆ ಕುಳಿತ ಶಿವ ಅಪರೂಪ. ಆತನೇ ನಮ್ಮ ಹೆಂಜೇರು ಸಿದ್ದಪ್ಪ. ಅವನ ಒಕ್ಕಲು ಹೆಂಜೇರಪ್ಪ ಎಂದು ಮಕ್ಕಳಿಗೆ ಇಟ್ಟಿತು. ಊರು ಹೇಮಾವತಿಯಾಯಿತು, ಹಳೆಯ ಹೆಸರು ಮನುಷ್ಯರ ಮೈಮೇಲೆ ಉಳಿಯಿತು.

ಶಾಸನಗಳಲ್ಲಿ ಪೆಂಜೆರು ಎಂದೂ ಇದೆ. ಹಳೆಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ. ಎರಡು ಭಾಷೆಯವರಾದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವರು ಪಾಲು ಅಂತಾರೆ, ನಾವು ಹಾಲು ಅಂತೀವಿ. ‘ಮೀ ಪೇರು ಏಮಿ?’ ಎಂದು ಅವರು ಕೇಳಿದರೆ ‘ನಿಮ್ಮ ಹೆಸರೇನು?’ ಎಂದು ನಾವು. ಹೆಸರು ಎಂಬ ಮಾತೇ ಹಿಂದೆ ಪೆಸರು ಆಗಿತ್ತು.

ಇಷ್ಟೆಲ್ಲ ತಿಳಿದೂ ನಾನು ಬೇಡವೆನ್ನುತ್ತಿದ್ದೆ. ‘ಅವನು ನಾಳೆ ಬೆಂಗಳೂರಿನಲ್ಲಿ ಓದಬೇಕು, ಮಕ್ಕಳು ಆಡಿಕೊಳ್ತಾರೆ, ಅರ್ಜಿ ಅರ್ಜಿಗೂ ತಪ್ಪು ಬರೀತಾರೆ’ ಎಂದೆ. ಮಗಳು ಕೂಸಿಗೆ ಹಾಲು ಕೊಡುತ್ತಲೇ ಅಂದಳು: ‘ತೊಂದರೆ ಕೊಟ್ಟದ್ದು ಹೆಸರಲ್ಲಪ್ಪಾ, ಬರೆದೋರು.’

ಆ ಮಾತು ನನಗೆ ಬೇರೆ ಕಡೆ ತಾಗಿತು. ಬರೆದೋರಲ್ಲಿ ನಾನೂ ಒಬ್ಬ.

ಎಂಬತ್ತರ ದಶಕದಲ್ಲಿ ನಾನು ರಾಯದುರ್ಗದಲ್ಲಿ ಕೆಲಸಕ್ಕಿದ್ದೆ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯದು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ಮೂರೂ ಆ ಕಡೆ ಹೋದವು. ಜಿಲ್ಲೆ ಬದಲಾದರೂ ಹೆಸರುಗಳು ಹಂಪೆಯ ಕಡೆಗೇ ಮುಖ ಮಾಡಿ ನಿಂತಿದ್ದವು. ಪಂಪಾಪತಿ, ಹಂಪಣ್ಣ, ಹಂಪಮ್ಮ. ಪಕ್ಕದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದಯದಿಂದ ಕೌಂಟರಿನ ಮುಂದೆ ಒಬ್ಬರ ಹಿಂದೆ ಒಬ್ಬರು ತಿಪ್ಪೇಸ್ವಾಮಿಗಳು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದು ಕರೆಯುವ ರೂಢಿಯೂ ಇತ್ತು. ಹೀನಾಯದ ಹೆಸರಿಟ್ಟರೆ ಯಮನಿಗೂ ಬೇಡವಾಗಲಿ ಎಂಬ ಆಸೆ. ಯಾರ ಮನೆಯಲ್ಲಿ ಯಾವ ಕಾರಣ ಎಂದು ಪಾಸ್‌ಬುಕ್ ನೋಡಿ ಹೇಳಲಾಗದು. ಗೂಗೂಡಿನ ಪೀರಲ ಹಬ್ಬಕ್ಕೆ ನಡೆದುಕೊಳ್ಳುವವರಲ್ಲಿ ಕುಳ್ಳಾಯಪ್ಪ, ಕುಳ್ಳಾಯಮ್ಮ. ಪೆನುಕೊಂಡೆಯ ಬಾಬಾ ಫಕ್ರುದ್ದೀನರ ದರ್ಗಾಕ್ಕೆ ಹರಕೆ ಹೊತ್ತ ಮನೆಗಳಲ್ಲಿ ಬಾಬಯ್ಯ. ಇವರಲ್ಲಿ ಹಿಂದೂ ಯಾರು, ಸಾಬರು ಯಾರು ಎಂದು ಹೆಸರಿನಿಂದ ತಿಳಿಯುತ್ತಿರಲಿಲ್ಲ. ನಮ್ಮ ಲೆಡ್ಜರಿನಲ್ಲಿ ಅದಕ್ಕೆ ಕಾಲಮ್ಮೂ ಇರಲಿಲ್ಲ, ಒಳ್ಳೆಯದೇ ಆಯಿತು.

ಒಮ್ಮೆ ಶೇಂಗಾ ಬೆಳೆಸಾಲಕ್ಕೆ ಒಬ್ಬ ಮುದುಕಿ ಬಂದಳು. ಹೆಸರು ಕೇಳಿದರೆ ‘ಅಂಪಮ್ಮ’ ಅಂದಳು. ಹಂಪಮ್ಮ ಎನ್ನುವುದು ತಾನೇ ಸರಿ? ನನ್ನ ಹಕಾರ ಕಳೆದುಕೊಂಡ ನೋವು ನನಗಿತ್ತಲ್ಲ, ಆಕೆಯ ಹಕಾರವನ್ನಾದರೂ ಕೊಡೋಣವೆಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ‘ಎಚ್’ ಹಾಕಿ ಬರೆದೆ. ಅಡಂಗಲ್ಲಿನಲ್ಲಿ ಇದ್ದದ್ದು ಅಂಪಮ್ಮ ಎಂದೇ. ಎರಡೂ ಹೊಂದಲಿಲ್ಲವೆಂದು ಕಾಗದ ವಾಪಸು ಬಂತು. ಆಕೆ ಊರಿನಿಂದ ಮೂರು ಸಲ ತಿರುಗಿದಳು. ಸಾಲ ಕೈಗೆ ಬರುವಷ್ಟರಲ್ಲಿ ಬಿತ್ತನೆಯ ಹದ ಹೋಗಿತ್ತು. ‘ನಂದೇ ಏನೋ ತಪ್ಪಿರಬೇಕು ಸಾಮಿ, ನಮ್ಮಪ್ಪ ಸರಿಯಾದ ಹೆಸರು ಇಡಲಿಲ್ಲ’ ಎಂದಳು. ತಪ್ಪು ನನ್ನದು ಎಂದು ನಾನು ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಮಗಳಿಗೆ ಇದನ್ನು ಹೇಳಿದ ಮೇಲೆ ನನ್ನ ಹಟ ಇಳಿಯಿತು. ಆದರೆ ಒಂದು ಕರಾರು ಹಾಕಿದೆ. ಹೆಸರನ್ನು ಮೊದಲು ಒಂದು ಹಾಳೆಯ ಮೇಲೆ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬರೆದು, ಆ ಹಾಳೆಯನ್ನೇ ಎಲ್ಲ ಕಡೆಗೂ ಕೊಡಬೇಕು. ನೀವೂ ಹಾಗೆ ಮಾಡಿ. ಜನನವನ್ನು 21 ದಿನದೊಳಗೆ ಬರೆಸಬೇಕು, ಹೆಸರಿಗೆ ಅವಸರವಿಲ್ಲ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಅವಸರದಲ್ಲಿ ಯಾವುದೋ ಒಂದನ್ನು ಬರೆಸಿ ತಿದ್ದಲು ತಿರುಗುವುದಕ್ಕಿಂತ ಇದು ಮೇಲು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸಲು, ಮತದಾರರ ಪಟ್ಟಿಗೆ, ಆಧಾರಿಗೆ ಈ ಜನನ ಪತ್ರವೇ ಆಧಾರ. ತೊಟ್ಟಿಲಿಗೆ ಒಂದು, ಶಾಲೆಗೆ ಒಂದು ಎಂದು ಎರಡೆರಡು ಹೆಸರಿಡುತ್ತಿದ್ದ ಕಾಲ ಹೋಯಿತು. ಎರಡನೆಯದು ಬಾಯಲ್ಲಿ ಇರಲಿ, ಕಾಗದಕ್ಕೆ ಇಳಿಯುವುದು ಬೇಡ.

ಅಳಿಯಂದಿರು ‘ಅಪ್ಪ’ ಬಿಟ್ಟು ‘ಹೆಂಜೇರ’ ಎಂದಿಡೋಣವೆಂದರು, ಈಗಿನವರಿಗೆ ಚಿಕ್ಕದಾಗಿರಬೇಕಂತೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಡವೆಂದು ಹಟ ಹಿಡಿದವನು ನಾನೇ, ಈಗ ಎರಡಕ್ಷರ ಹೋದದ್ದಕ್ಕೆ ಅಳುವವನೂ ನಾನೇ. ಬೆಳಿಗ್ಗೆ ಆಗಲಿ ಎಂದೆ. ಎಲ್ಲರೂ ಹೇಮಾವತಿಗೆ ಹೋಗಿ ಸ್ವಾಮಿಯ ಮುಂದೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಬಂದೆವು. ಜನನ ಪತ್ರ ಬಂತು. ತೆಲುಗಿನಲ್ಲಿ ‘ಹ’ ಇದೆ, ಇಂಗ್ಲಿಷಿನಲ್ಲಿ ‘ಎಚ್’ ಇದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ.

ಮನೆಯಲ್ಲಿ ಮಾತ್ರ ಹೊಸದೊಂದು ಫಜೀತಿ. ಹರಕೆ ಹೊತ್ತ ನನ್ನ ಮನೆಯಾಕೆ ಹಳೇ ಕಾಲದವಳು, ಗಂಡನ ಹೆಸರು ಬಾಯಲ್ಲಿ ಹೇಳಲಾರಳು. ಹಾಗಾಗಿ ಇಷ್ಟೆಲ್ಲ ಪಾಡು ಪಟ್ಟು ಇಟ್ಟ ಹೆಸರನ್ನು ಒಂದು ದಿನವೂ ಅವಳು ಕರೆದಿಲ್ಲ. ‘ಬಾರೋ ಸಿದ್ದಾ’ ಅನ್ನುತ್ತಾಳೆ. ಅವನೂ ಅದಕ್ಕೇ ತಿರುಗಿ ನೋಡುತ್ತಾನೆ.